ಕೊನೆಯುಳ್ಳ ಓದು: ನೆಟ್‌ನ್ಯೂಸ್‌ವೈರ್ ಎಂಬ ಫೀಡ್ ರೀಡರ್

ನೆಟ್‌ನ್ಯೂಸ್‌ವೈರ್ ಒಂದು ಫೀಡ್ ರೀಡರ್. ನಾವು ಆರಿಸಿಕೊಂಡ ಜಾಲತಾಣಗಳಲ್ಲಿ ಹೊಸದಾಗಿ ಪ್ರಕಟವಾದ ಬರಹಗಳನ್ನು ಒಂದೇ ಕಡೆ ತಂದು, ಅವು ಪ್ರಕಟವಾದ ಹೊತ್ತಿನ ಕ್ರಮದಲ್ಲಿ ಜೋಡಿಸಿ, ಓದಲು ಕೊಡುವುದಷ್ಟೇ ಅದರ ಕೆಲಸ. ಮ್ಯಾಕ್, ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ ಮಾತ್ರ ನಡೆಯುವ ಈ ತಂತ್ರಾಂಶ ಹಣ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ, ಹೊಸ ಖಾತೆ ತೆರೆಯಬೇಕೆಂದು ಒತ್ತಾಯಿಸುವುದೂ ಇಲ್ಲ. ಸಾಮಾಜಿಕ ಜಾಲತಾಣಗಳು ನಮ್ಮ ಓದಿನ ಅಭ್ಯಾಸವನ್ನು ತಮಗೆ ಬೇಕಾದಂತೆ ರೂಢಿಸಿರುವ ಕಾಲದಲ್ಲಿ ಇದನ್ನು ನಿತ್ಯ ಬಳಸುತ್ತ ಬಂದ ನನಗೆ ಮೂಡಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಏನನ್ನು ಓದಬೇಕು, ಯಾರನ್ನು ಓದಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಇದು ಓದುಗರ ಕೈಗೆ ಮರಳಿಸುತ್ತದೆ. ಆ ಕೆಲಸ ಸುಲಭದ್ದಲ್ಲ, ಕೆಲವು ದಿನ ಬೇಸರವನ್ನೂ ತರುತ್ತದೆ. ಆದರೂ ಅಂತರ್ಜಾಲದ ಜೊತೆಗಿನ ನನ್ನ ದಿನನಿತ್ಯದ ಒಡನಾಟವನ್ನು ಇಷ್ಟು ಸಮಾಧಾನದ ಸ್ಥಿತಿಗೆ ತಂದ ತಂತ್ರಾಂಶ ಬೇರೊಂದಿಲ್ಲ.

ಫೀಡ್ ಎಂದರೆ ಏನೆಂಬುದನ್ನು ಹೊಸಬರಿಗಾಗಿ ಸ್ವಲ್ಪ ವಿವರಿಸಬೇಕು. ಹೆಚ್ಚಿನ ಬ್ಲಾಗುಗಳು, ಸುದ್ದಿತಾಣಗಳು ಮತ್ತು ನಿಯತಕಾಲಿಕಗಳು ನಮ್ಮ ಕಣ್ಣಿಗೆ ಕಾಣುವ ಪುಟಗಳ ಜೊತೆಗೆ ಯಂತ್ರಗಳು ಓದುವುದಕ್ಕೆಂದೇ ಒಂದು ಸರಳ ಕಡತವನ್ನು ಇಟ್ಟಿರುತ್ತವೆ. ಇತ್ತೀಚಿನ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ ಮತ್ತು ಎಷ್ಟೋ ಸಲ ಇಡೀ ಬರಹವೇ ಅದರಲ್ಲಿರುತ್ತದೆ. ಆರ್‌ಎಸ್‌ಎಸ್ ಎಂಬ ಹೆಸರಿನ ಈ ವಿಧಾನದ ಮೊದಲ ರೂಪ 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಸಿದ್ಧವಾಯಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ 2.0 ಆವೃತ್ತಿ 2002ರದು. ಅದೇ ಕೆಲಸವನ್ನು ಮಾಡುವ ಆಟಮ್ ಎಂಬ ಇನ್ನೊಂದು ವಿಧಾನ 2005ರಲ್ಲಿ ಅಂತರ್ಜಾಲದ ಅಧಿಕೃತ ಮಾನಕವಾಯಿತು. ಫೀಡ್ ರೀಡರ್ ಆಗಾಗ ಆ ತಾಣಗಳಿಗೆ ಹೋಗಿ, ಕಳೆದ ಸಲ ಬಂದು ಹೋದ ಮೇಲೆ ಏನಾದರೂ ಬದಲಾಗಿದೆಯೇ ಎಂದು ವಿಚಾರಿಸುತ್ತದೆ. ಬದಲಾಗಿಲ್ಲದಿದ್ದರೆ ಹಾಗೆಂದು ತಿಳಿಸುವ ಚಿಕ್ಕ ಉತ್ತರ ಬರುತ್ತದೆ, ಬದಲಾಗಿದ್ದರೆ ಹೊಸ ಕಡತ ಬರುತ್ತದೆ. ಪಾಡ್‌ಕಾಸ್ಟ್ ಕೇಳುವವರಲ್ಲಿ ಹೆಚ್ಚಿನವರು ತಮಗೆ ಗೊತ್ತಿಲ್ಲದೆಯೇ ಈ ವ್ಯವಸ್ಥೆಯನ್ನು ಬಳಸುತ್ತಿದ್ದಾರೆ, ಏಕೆಂದರೆ ಧ್ವನಿಯ ಕಡತವನ್ನು ಫೀಡಿಗೆ ಲಗತ್ತಿಸುವ ಅವಕಾಶದಿಂದಲೇ ಪಾಡ್‌ಕಾಸ್ಟ್ ಎಂಬ ಮಾಧ್ಯಮ ಹುಟ್ಟಿತು. ಈ ಇಡೀ ವ್ಯವಹಾರದಲ್ಲಿ ಓದುಗರಿಗೂ ಪ್ರಕಾಶಕರಿಗೂ ನಡುವೆ ನಿಂತು ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೂಗುವ ಮೂರನೆಯವರಿಲ್ಲ. ಮುಂದೆ ನಾನು ಹೇಳಲಿರುವ ಒಳ್ಳೆಯದಕ್ಕೂ ಕೊರತೆಗೂ ಇದೊಂದೇ ಕಾರಣ.

ನೆಟ್‌ನ್ಯೂಸ್‌ವೈರನ್ನು ಮೊದಲ ಸಲ ತೆರೆದಾಗ ಮಾದರಿಗೆಂದು ಇಟ್ಟಿರುವ ಕೆಲವು ಫೀಡುಗಳು ಕಾಣಿಸುತ್ತವೆ. ಅವನ್ನು ಅಳಿಸಿದರೆ ಉಳಿಯುವುದು ಖಾಲಿ ಪರದೆ. ಸಾಮಾಜಿಕ ಜಾಲತಾಣಗಳಿಗೆ ಒಗ್ಗಿಹೋದ ಕಣ್ಣಿಗೆ ಈ ಖಾಲಿತನ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಖಾತೆ ತೆರೆದ ನಿಮಿಷದಲ್ಲೇ ಪರಿಚಿತರ ಹೆಸರುಗಳು, ಜನಪ್ರಿಯರ ಮುಖಗಳು, ಆ ಹೊತ್ತಿನ ಜಗಳಗಳು ನಮ್ಮ ಮುಂದೆ ಬಂದು ಬೀಳುತ್ತವೆ. ನಾವು ಏನನ್ನೂ ಕೇಳಿರುವುದಿಲ್ಲ, ಆದರೂ ಎಲ್ಲವೂ ಸಿಕ್ಕಿರುತ್ತದೆ. ಇಲ್ಲಿ ಕೇಳದೆ ಏನೂ ಸಿಗುವುದಿಲ್ಲ. ಹೀಗೆ ಖಾಲಿ ಪರದೆಯ ಮುಂದೆ ಕುಳಿತಾಗ ಏಳುವ ಪ್ರಶ್ನೆ ಬಹಳ ಸರಳವಾದದ್ದು: ನಾನು ಯಾರನ್ನು ಓದಲು ಬಯಸುತ್ತೇನೆ? ಅದಕ್ಕೆ ಥಟ್ಟನೆ ಉತ್ತರಿಸುವುದು ಹೆಚ್ಚಿನವರಿಗೆ ಸಾಧ್ಯವಾಗುವುದಿಲ್ಲ. ವರ್ಷಗಳ ಕಾಲ ದಿನವೂ ಗಂಟೆಗಟ್ಟಲೆ ಓದಿದವರಿಗೂ ತಾವು ಓದಿದ್ದನ್ನು ಬರೆದವರು ಯಾರೆಂದು ನೆನಪಿರುವುದಿಲ್ಲ. ಬರಹಗಳು ಹರಿದು ಬಂದಿರುತ್ತವೆ, ಹಾಗೆಯೇ ಹರಿದು ಹೋಗಿರುತ್ತವೆ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದಕ್ಕಾಗಿಯೇ ನಾನು ಈ ತಂತ್ರಾಂಶಕ್ಕೆ ಕೃತಜ್ಞತೆ ಹೇಳಬೇಕು. ಹೆಸರುಗಳನ್ನು ನೆನಪಿಸಿಕೊಳ್ಳಲು ಹೊರಟಾಗ ಮೊದಲು ಬಂದವರು ಗದ್ದಲದವರಲ್ಲ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಿಧಾನವಾಗಿ, ತಿಳಿದು ಬರೆಯುವವರ ಹೆಸರುಗಳೇ ಮೊದಲು ನೆನಪಾದವು. ಇಂಥವರ ಬರಹಗಳು ಸಾಮಾಜಿಕ ಜಾಲತಾಣಗಳಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಏಕೆಂದರೆ ಆಗಾಗ ಬರೆಯುವವರನ್ನೂ ಬರೆದ ತಕ್ಷಣ ಪ್ರತಿಕ್ರಿಯೆ ಗಿಟ್ಟಿಸುವವರನ್ನೂ ಮುಂದೆ ತರುವುದು ಅಲ್ಲಿನ ವ್ಯವಸ್ಥೆಗೆ ಒಪ್ಪುವ ಕ್ರಮ.

ಪಟ್ಟಿ ಮಾಡುವ ವಿಧಾನ ಸರಳವಾಗಿದೆ. ತಾಣದ ವಿಳಾಸವನ್ನು ಕೊಟ್ಟರೆ ಸಾಕು, ಅದರ ಫೀಡ್ ಎಲ್ಲಿದೆ ಎಂದು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಫೀಡ್ ತಾನಾಗಿಯೇ ಇರುತ್ತದೆ, ಇಮೇಲ್ ಮೂಲಕ ಓದುಗರಿಗೆ ಬರಹ ತಲುಪಿಸುವ ಸಬ್‌ಸ್ಟ್ಯಾಕ್‌ನ ಪತ್ರಿಕೆಗಳಿಗೂ ಇದೆ. ಯೂಟ್ಯೂಬ್‌ನ ಪ್ರತಿಯೊಂದು ಚಾನೆಲ್‌ಗೂ ಫೀಡ್ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಇಷ್ಟದ ಚಾನೆಲ್‌ಗಳನ್ನು ಹೀಗೆ ಸೇರಿಸಿಕೊಂಡರೆ ಮುಖಪುಟದ ಶಿಫಾರಸುಗಳ ದಾರಿಯಲ್ಲಿ ಹಾಯದೆ ನೇರವಾಗಿ ಬೇಕಾದ ವೀಡಿಯೊಗೆ ಹೋಗಬಹುದು, ಮತ್ತು ಈ ಒಂದು ಬದಲಾವಣೆಯಿಂದ ನನಗೆ ಉಳಿದ ಸಮಯ ಕಡಿಮೆಯದಲ್ಲ. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬರೆಯುವವರ ಪುಟದ ವಿಳಾಸದ ಕೊನೆಗೆ ಆರ್‌ಎಸ್‌ಎಸ್ ಎಂಬ ಅಕ್ಷರಗಳನ್ನು ಚುಕ್ಕಿಯೊಂದಿಗೆ (.rss) ಸೇರಿಸಿದರೆ ಅವರ ಸಾರ್ವಜನಿಕ ಮಾತುಗಳೂ ಇಲ್ಲಿಗೆ ಬರುತ್ತವೆ. ಫೀಡುಗಳನ್ನು ವಿಷಯಕ್ಕೆ ತಕ್ಕಂತೆ ಕಡತಕೋಶಗಳಲ್ಲಿ ಇಡಬಹುದು. ನಾನು ವಿಷಯದ ಪ್ರಕಾರ ವಿಂಗಡಿಸುವುದನ್ನು ಬಿಟ್ಟು, ತಪ್ಪದೆ ಓದುವವರು ಮತ್ತು ಬಿಡುವಿದ್ದರೆ ಓದುವವರು ಎಂದು ಎರಡೇ ಭಾಗ ಮಾಡಿದ ಮೇಲೆ ಓದು ಹಗುರವಾಯಿತು. ದಿನಕ್ಕೆ ಹತ್ತಾರು ಬರಹಗಳನ್ನು ಸುರಿಯುವ ಸುದ್ದಿತಾಣಗಳನ್ನು ಪಟ್ಟಿಯಿಂದ ತೆಗೆದುಹಾಕುವುದು ಒಳ್ಳೆಯದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಫೀಡ್ ರೀಡರ್ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತೂಗುವುದಿಲ್ಲವಾದ್ದರಿಂದ ಅಂಥ ಒಂದೆರಡು ತಾಣಗಳು ಬಂದರೂ ಮೆಲುದನಿಯ ಬರಹಗಾರರೆಲ್ಲ ಅವುಗಳ ಕೆಳಗೆ ಹೂತುಹೋಗುತ್ತಾರೆ. ಸುದ್ದಿಗೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಂಡು ಬೇರೆಯಾಗಿ ಓದುವುದೇ ಲೇಸು.

ಇನ್ನು ಈ ತಂತ್ರಾಂಶದ ಅತ್ಯಂತ ದೊಡ್ಡ ಗುಣದ ಮಾತು. ಇದರಲ್ಲಿ ಓದು ಮುಗಿಯುತ್ತದೆ. ಬಂದಿರುವ ಬರಹಗಳನ್ನು ಓದಿದ ಮೇಲೆ ಪಟ್ಟಿ ಬರಿದಾಗುತ್ತದೆ, ಮತ್ತೆ ಎಷ್ಟು ಎಳೆದರೂ ಹೊಸದೇನೂ ಬರುವುದಿಲ್ಲ, ಏಕೆಂದರೆ ನಾವು ಆರಿಸಿಕೊಂಡವರು ಆ ಹೊತ್ತಿಗೆ ಇನ್ನೇನನ್ನೂ ಬರೆದಿಲ್ಲ. ಇದು ತೀರ ಸಹಜವಾದ ಸಂಗತಿಯೆಂದು ತೋರಬಹುದು. ಆದರೆ ಅಂತರ್ಜಾಲದಲ್ಲಿ ಕೊನೆಯೆಂಬುದು ಇಲ್ಲದೆ ಹೋದದ್ದು ತಾನಾಗಿ ಆದದ್ದಲ್ಲ, ಅದನ್ನು ಯೋಚಿಸಿ ತೆಗೆದುಹಾಕಲಾಯಿತು. ಪುಟದ ತಳ ಮುಟ್ಟುವ ಮೊದಲೇ ಮುಂದಿನ ಪುಟ ಬಂದು ಕೂಡಿಕೊಳ್ಳುವ ಅನಂತ ಸುರುಳಿಯ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮಗಳ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಸ್ನೇಹಿತರ ಚಟುವಟಿಕೆಗಳನ್ನೆಲ್ಲ ಒಂದೇ ಸಾಲಿನಲ್ಲಿ ತೋರಿಸುವ ತನ್ನ ನ್ಯೂಸ್ ಫೀಡನ್ನು ಆರಂಭಿಸಿತು, ಅದನ್ನು ಬಳಕೆದಾರರು ದೊಡ್ಡ ಪ್ರಮಾಣದಲ್ಲಿ ವಿರೋಧಿಸಿದರೂ ಕಂಪನಿ ಹಿಂದೆ ಸರಿಯಲಿಲ್ಲ. 2016ರಲ್ಲಿ ಇನ್‌ಸ್ಟಾಗ್ರಾಮ್ ಮತ್ತು ಆಗಿನ ಟ್ವಿಟರ್ ಎರಡೂ ಕಾಲಕ್ರಮವನ್ನು ಬಿಟ್ಟು, ಬಳಕೆದಾರರು ಏನನ್ನು ನೋಡಬಯಸುತ್ತಾರೆಂಬ ಊಹೆಯ ಮೇಲೆ ಬರಹಗಳನ್ನು ಜೋಡಿಸತೊಡಗಿದವು. ಹಿಂದೆ ನಾವು ಓದಿದ್ದು ಎಲ್ಲಿಗೆ ನಿಂತಿತ್ತೆಂದು ಗುರುತಿಟ್ಟುಕೊಳ್ಳಬಹುದಾಗಿತ್ತು, ಕಾಲಕ್ರಮ ಹೋದ ಮೇಲೆ ಆ ಗುರುತೂ ಹೋಯಿತು. ಗುರುತು ಹೋದರೆ ನಿಲ್ಲುವುದಕ್ಕೆ ಕಾರಣವೂ ಹೋಗುತ್ತದೆ. ಇದರ ಹಾನಿ ಆ ಕಂಪನಿಗಳಿಗೂ ಅರಿವಾಗಿದೆ ಎಂಬುದಕ್ಕೆ ಸಾಕ್ಷಿಗಳಿವೆ. 2018ರಲ್ಲಿ ಇನ್‌ಸ್ಟಾಗ್ರಾಮ್ ಇತ್ತೀಚಿನದೆಲ್ಲವನ್ನೂ ನೋಡಿಯಾಯಿತೆಂದು ತಿಳಿಸುವ ಸೂಚನೆಯೊಂದನ್ನು ಸೇರಿಸಿತು, 2022ರಲ್ಲಿ ಕಾಲಕ್ರಮದ ಆಯ್ಕೆಯನ್ನು ಮರಳಿ ಕೊಟ್ಟಿತು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯಂತೂ ಅತಿ ದೊಡ್ಡ ತಾಣಗಳು ಬಳಕೆದಾರರ ನಡವಳಿಕೆಯನ್ನು ಆಧರಿಸದ ಒಂದು ಜೋಡಣೆಯನ್ನಾದರೂ ಕೊಡಲೇಬೇಕೆಂದು ವಿಧಿಸಿದ್ದು, 2023ರಿಂದ ಅದು ಅವುಗಳಿಗೆ ಅನ್ವಯವಾಗುತ್ತಿದೆ. ಕಾನೂನಿನ ಬಲದಿಂದ ಅಲ್ಲಿ ಪಡೆಯಬೇಕಾದದ್ದು ಇಲ್ಲಿ ಮೊದಲಿನಿಂದಲೂ ಇದೆ.

ಓದು ಮುಗಿಯುತ್ತದೆಂಬ ಭರವಸೆ ಓದಿನ ಗುಣವನ್ನೇ ಬದಲಿಸುತ್ತದೆ. ಸುರುಳಿಯಂತೆ ಬರುವ ಬರಹಗಳನ್ನು ನೋಡುವಾಗ ಮುಂದಿನದು ಇದಕ್ಕಿಂತ ಚೆನ್ನಾಗಿರಬಹುದೆಂಬ ತವಕ ಸದಾ ಇರುತ್ತದೆ, ಆದ್ದರಿಂದ ಎದುರಿಗಿರುವುದಕ್ಕೆ ಪೂರ್ತಿ ಮನಸ್ಸು ಕೊಡಲಾಗುವುದಿಲ್ಲ. ಏಳೆಂಟು ಬರಹಗಳಷ್ಟೇ ಇವೆಯೆಂದು ತಿಳಿದಾಗ ಆ ತವಕ ಇಳಿಯುತ್ತದೆ. ಉದ್ದದ ಬರಹವನ್ನು ಕೊನೆಯವರೆಗೆ ಓದುವ ತಾಳ್ಮೆ ಮರಳುತ್ತದೆ, ಅರ್ಥವಾಗದ ಪ್ಯಾರಾವನ್ನು ಮತ್ತೊಮ್ಮೆ ಓದಲು ಮನಸ್ಸು ಬರುತ್ತದೆ. ಒಬ್ಬರನ್ನೇ ವರ್ಷಗಟ್ಟಲೆ ಓದುವುದರಿಂದ ಅವರ ಯೋಚನೆ ಹೇಗೆ ಬೆಳೆದಿದೆ, ಎಲ್ಲಿ ಬದಲಾಗಿದೆ ಎಂಬುದು ಕಾಣತೊಡಗುತ್ತದೆ. ಬಿಡಿಬಿಡಿಯಾಗಿ ಹರಿದುಬರುವ ಮಾತುಗಳಲ್ಲಿ ಮನುಷ್ಯರು ತಮ್ಮ ಅಭಿಪ್ರಾಯಗಳ ಮೊತ್ತವಾಗಿಯಷ್ಟೇ ಕಾಣುತ್ತಾರೆ. ಒಬ್ಬರ ಬರಹಗಳನ್ನು ಬಂದ ಕ್ರಮದಲ್ಲಿ ಓದಿದಾಗ ಅವರ ಸಂಶಯ, ಹಿಂಜರಿಕೆ, ಕಾಯಿಲೆ, ಕೆಲಸದ ಬದಲಾವಣೆ, ಮಕ್ಕಳು ದೊಡ್ಡವರಾದದ್ದು ಎಲ್ಲವೂ ಮೆಲ್ಲಗೆ ಪರಿಚಯವಾಗುತ್ತವೆ.

ಈ ರೀಡರ್‌ನಲ್ಲಿ ಮೆಚ್ಚುಗೆಯ ಗುಂಡಿಯಿಲ್ಲ, ಪ್ರತಿಕ್ರಿಯೆಗಳ ಸಾಲಿಲ್ಲ, ಎಷ್ಟು ಜನ ಓದಿದರೆಂಬ ಸಂಖ್ಯೆಯಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಬರಹವೊಂದು ನಮ್ಮನ್ನು ತಲುಪುವಾಗ ಅದರ ಬೆನ್ನಿಗೇ ತೀರ್ಪೂ ಬಂದಿರುತ್ತದೆ. ಸಾವಿರಾರು ಜನ ಮೆಚ್ಚಿದ್ದಾರೆ ಎಂಬ ಸಂಖ್ಯೆ ಮೊದಲು ಕಣ್ಣಿಗೆ ಬಿದ್ದರೆ ಅದನ್ನು ಶಂಕೆಯಿಂದ ಓದುವುದು ಕಷ್ಟ. ಜನರೆಲ್ಲ ಬೈಯುತ್ತಿರುವ ಮಾತನ್ನು ಸಹನೆಯಿಂದ ಓದುವುದು ಇನ್ನೂ ಕಷ್ಟ. ಎಷ್ಟೋ ಸಲ ನಾವು ಮೂಲ ಬರಹವನ್ನು ಓದುವುದೇ ಇಲ್ಲ, ಅದನ್ನು ಖಂಡಿಸಿದವರ ಮಾತಿನಿಂದಲೇ ಅದು ನಮಗೆ ಪರಿಚಯವಾಗಿರುತ್ತದೆ, ಮತ್ತು ಸಂಜೆಯೊಳಗೆ ಆ ವಿಷಯದಲ್ಲಿ ನಮಗೊಂದು ಗಟ್ಟಿ ನಿಲುವು ಕೂಡ ಮೂಡಿರುತ್ತದೆ. ಫೀಡ್ ರೀಡರ್‌ನಲ್ಲಿ ಬರಹವೊಂದೇ ಬರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾವೇ ಯೋಚಿಸಬೇಕು, ಮತ್ತು ಯೋಚಿಸಿ ತಲುಪಿದ ತೀರ್ಮಾನವನ್ನು ಆ ಕ್ಷಣವೇ ಸಾರಲು ಅಲ್ಲಿ ಯಾವ ಸೌಕರ್ಯವೂ ಇಲ್ಲ. ಮೊದಮೊದಲು ಇದು ಕೈ ಕಟ್ಟಿದಂತೆ ತೋರಿತು. ಬರಹ ಓದಿ ಮುಗಿಸಿದಾಗ ಬೆರಳು ತಾನಾಗಿ ಗುಂಡಿಯನ್ನು ಹುಡುಕುತ್ತದೆ. ಫೇಸ್‌ಬುಕ್ 2009ರಲ್ಲಿ ಮೆಚ್ಚುಗೆಯ ಗುಂಡಿಯನ್ನು ತಂದಂದಿನಿಂದ ಓದುವುದೂ ಓದಿದ್ದೇನೆಂದು ತೋರಿಸುವುದೂ ಎಷ್ಟು ಬೆರೆತುಹೋಗಿವೆಯೆಂದರೆ ಅವೆರಡನ್ನೂ ಬಿಡಿಸಿ ನೋಡುವುದಕ್ಕೆ ಅಭ್ಯಾಸ ಬೇಕಾಗುತ್ತದೆ. ಈಗ ನನಗೆ ಬಹಳ ಹಿಡಿಸಿದ ಬರಹವಿದ್ದರೆ ಬರೆದವರಿಗೆ ಇಮೇಲ್ ಬರೆಯುತ್ತೇನೆ. ನಾಲ್ಕು ಸಾಲಿನ ಪತ್ರಕ್ಕೂ ಹೆಚ್ಚಿನ ಬರಹಗಾರರು ಆದರದಿಂದ ಉತ್ತರಿಸುತ್ತಾರೆ. ಆ ಉತ್ತರಗಳಲ್ಲಿ ಕೆಲವು ನನಗೆ ಮೂಲ ಬರಹಗಳಷ್ಟೇ ಮುಖ್ಯವಾಗಿವೆ.

ಹಾಗೆಂದು ಇಲ್ಲಿನ ಒಂಟಿತನವನ್ನು ಮುಚ್ಚಿಡಲಾರೆ. ಸೊಗಸಾದ ಬರಹವೊಂದನ್ನು ಓದಿದಾಗ ಇನ್ನಾರು ಓದಿರಬಹುದು, ಅವರಿಗೇನನ್ನಿಸಿತು ಎಂದು ತಿಳಿಯುವ ಆಸೆ ಕೀಳಾದದ್ದಲ್ಲ. ಓದುಗರು ಹಿಂದಿನಿಂದಲೂ ಒಬ್ಬರಿಗೊಬ್ಬರು ಓದಿದ್ದನ್ನು ಹೇಳಿಕೊಂಡೇ ಬಂದಿದ್ದಾರೆ. ಫೀಡ್ ರೀಡರ್‌ಗಳಲ್ಲೂ ಒಂದು ಕಾಲಕ್ಕೆ ಇದಕ್ಕೆ ಅವಕಾಶವಿತ್ತು. 2005ರ ಅಕ್ಟೋಬರ್‌ನಲ್ಲಿ ಆರಂಭವಾದ ಗೂಗಲ್ ರೀಡರ್‌ನಲ್ಲಿ ಓದಿದ್ದನ್ನು ಸ್ನೇಹಿತರೊಡನೆ ಹಂಚಿಕೊಳ್ಳಬಹುದಿತ್ತು, ಅದರ ಕೆಳಗೆ ಟಿಪ್ಪಣಿ ಬರೆಯಬಹುದಿತ್ತು. ಅಲ್ಲಿ ಮೂಡಿದ ಚಿಕ್ಕ ಚಿಕ್ಕ ಓದುಗ ಬಳಗಗಳು ಇಂದಿನ ಸಾಮಾಜಿಕ ಜಾಲತಾಣಗಳಿಗಿಂತ ಎಷ್ಟೋ ಸೌಮ್ಯವಾಗಿದ್ದವು, ಏಕೆಂದರೆ ಅಲ್ಲಿ ಮಾತಿಗೆ ಮೊದಲು ಓದು ಇತ್ತು. 2011ರಲ್ಲಿ ಗೂಗಲ್ ಪ್ಲಸ್ ಎಂಬ ಹೊಸ ತಾಣಕ್ಕೆ ಜನರನ್ನು ಒಯ್ಯುವುದಕ್ಕಾಗಿ ಆ ಸೌಲಭ್ಯಗಳನ್ನು ಕಿತ್ತುಹಾಕಲಾಯಿತು, 2013ರ ಜುಲೈ 1ರಂದು ರೀಡರನ್ನೇ ಮುಚ್ಚಲಾಯಿತು. ಯಾವುದಕ್ಕಾಗಿ ಇದನ್ನು ಬಲಿಕೊಡಲಾಯಿತೋ ಆ ಗೂಗಲ್ ಪ್ಲಸ್ ಸಾಮಾನ್ಯ ಬಳಕೆದಾರರ ಪಾಲಿಗೆ 2019ರ ಏಪ್ರಿಲ್‌ನಲ್ಲಿ ಮುಚ್ಚಿಹೋಯಿತು. ಅಂದು ಕಳೆದುಹೋದ ಆ ಓದುಗ ಬಳಗದ ಬಗ್ಗೆ ನನಗೆ ಇಂದಿಗೂ ನೋವಿದೆ. ನೆಟ್‌ನ್ಯೂಸ್‌ವೈರ್ ಆ ಜಾಗವನ್ನು ತುಂಬುವ ಪ್ರಯತ್ನ ಮಾಡಿಲ್ಲ. ಬರಹದ ಕೊಂಡಿಯನ್ನು ಬೇರೆ ಆ್ಯಪ್‌ಗೆ ಕಳಿಸುವ ಸಾಮಾನ್ಯ ಸೌಲಭ್ಯವಷ್ಟೇ ಇದೆ. ನಾನು ಆ ಕೊಂಡಿಗಳನ್ನು ಓದಲು ಮನಸ್ಸಿರುವ ಇಬ್ಬರು ಮೂವರು ಸ್ನೇಹಿತರಿಗೆ, ಯಾಕೆ ಕಳಿಸುತ್ತಿದ್ದೇನೆಂದು ಒಂದು ಸಾಲು ಬರೆದು, ಒಬ್ಬೊಬ್ಬರಿಗೇ ಕಳಿಸುತ್ತೇನೆ. ಗುಂಪಿಗೆ ಎಸೆದ ಕೊಂಡಿಯನ್ನು ಯಾರೂ ತೆರೆಯುವುದಿಲ್ಲ, ಹೆಸರು ಹಿಡಿದು ಕಳಿಸಿದ್ದನ್ನು ಹೆಚ್ಚಿನವರು ತೆರೆಯುತ್ತಾರೆ.

ತಂತ್ರಾಂಶದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶ, ಓದದೆ ಉಳಿದ ಬರಹಗಳ ಲೆಕ್ಕ. ಪ್ರತಿ ಫೀಡಿನ ಪಕ್ಕದಲ್ಲೂ ಒಂದು ಸಂಖ್ಯೆ ನಿಂತಿರುತ್ತದೆ. ಇದು ಫೀಡ್ ರೀಡರ್‌ಗಳ ಹಳೆಯ ರೋಗ. ಓದದ್ದು ಸಾವಿರ ದಾಟಿದಾಗ ಗೂಗಲ್ ರೀಡರ್ ಎಣಿಸುವುದನ್ನು ಬಿಟ್ಟು ಸಾವಿರಕ್ಕೂ ಹೆಚ್ಚು ಎಂದಷ್ಟೇ ತೋರಿಸುತ್ತಿದ್ದುದು ಆಗಿನ ಬಳಕೆದಾರರೆಲ್ಲರಿಗೂ ನೆನಪಿರುತ್ತದೆ. ಇಮೇಲ್‌ನಿಂದ ಎರವಲು ಬಂದ ಈ ಪದ್ಧತಿಯಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನನಗೆಂದೇ ಬರೆದ ಪತ್ರಕ್ಕೆ ಉತ್ತರಿಸುವುದು ನನ್ನ ಕರ್ತವ್ಯವಾಗಬಹುದು, ಆದರೆ ಲೋಕಕ್ಕೆಲ್ಲ ಬರೆದ ಬರಹವನ್ನು ಓದದೆ ಬಿಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಒಂದು ವಾರ ಕೆಲಸದ ಒತ್ತಡದಲ್ಲಿ ಓದಲಾಗದೆ ಹೋದಾಗ ಮರಳಿ ಬಂದವರನ್ನು ದೊಡ್ಡ ಸಂಖ್ಯೆಯೊಂದು ಎದುರುಗೊಳ್ಳುತ್ತದೆ, ಮತ್ತು ಸಾಮಾಜಿಕ ಜಾಲತಾಣಗಳಿಂದ ಬಿಡಿಸಿಕೊಂಡು ಬಂದವರಿಗೆ ಇಲ್ಲಿಯೂ ಇನ್ನೊಂದು ಬಗೆಯ ಒತ್ತಡ ಕಾಡುತ್ತದೆ. ಒಂದು ನಿರ್ದಿಷ್ಟ ಬರಹಕ್ಕಿಂತ ಹಳೆಯದೆಲ್ಲವನ್ನೂ ಒಮ್ಮೆಗೇ ಓದಿದ್ದೆಂದು ಗುರುತು ಹಾಕುವ ಅನುಕೂಲ ಇಲ್ಲಿದೆ, ಅದನ್ನು ಅಳುಕಿಲ್ಲದೆ ಬಳಸುವುದನ್ನು ಕಲಿಯಬೇಕು. ನಿಜವಾಗಿ ಒಳ್ಳೆಯ ಬರಹ ಇನ್ನೊಬ್ಬರ ಕೊಂಡಿಯ ಮೂಲಕ ಮತ್ತೆ ನಮ್ಮ ಬಳಿಗೆ ಬರುತ್ತದೆಂಬುದು ನನ್ನ ಅನುಭವ. ಹೊಸ ಬರಹ ಬಂದಾಗ ಸೂಚನೆ ಕೊಡುವ ಸೌಲಭ್ಯವನ್ನು ನಾವಾಗಿಯೇ ಆಯಾ ಫೀಡಿಗೆ ಆನ್ ಮಾಡದ ಹೊರತು ಈ ಆ್ಯಪ್ ನಮ್ಮನ್ನು ಕರೆಯುವುದಿಲ್ಲ. ಈ ವಿಷಯದಲ್ಲಿ ಅದರ ತಯಾರಕರ ವಿವೇಕ ಮೆಚ್ಚುವಂಥದ್ದು.

ದಿನಬಳಕೆಯ ಉಳಿದ ವಿಚಾರಗಳನ್ನು ಬೇಗ ಹೇಳಿ ಮುಗಿಸಬಹುದು. ಆ್ಯಪ್ ಹಗುರವಾಗಿದೆ, ಬೇಗ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಸ್ಪೇಸ್ ಕೀಲಿಯೊಂದನ್ನೇ ಒತ್ತುತ್ತ ಬರಹದಿಂದ ಬರಹಕ್ಕೆ ಹೋಗಬಹುದು. ಇಂದಿನವು, ಓದದವು, ನಕ್ಷತ್ರ ಹಾಕಿದವು ಎಂಬ ಮೂರು ಸಿದ್ಧ ಪಟ್ಟಿಗಳಿವೆ, ಹುಡುಕಾಟವೂ ಚೆನ್ನಾಗಿದೆ. 2021ರಿಂದ ಆ್ಯಪಲ್‌ನ ಐಕ್ಲೌಡ್ ಸೇವೆಯ ಮೂಲಕ ಫೋನು ಮತ್ತು ಕಂಪ್ಯೂಟರುಗಳ ನಡುವೆ ಓದಿದ ಲೆಕ್ಕ ಹೊಂದಿಕೆಯಾಗುತ್ತದೆ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್, ಫ್ರೆಶ್‌ಆರ್‌ಎಸ್‌ಎಸ್ ಮೊದಲಾದ ಬೇರೆ ಫೀಡ್ ಸೇವೆಗಳೊಂದಿಗೂ ಇದು ಕೂಡಿ ಕೆಲಸ ಮಾಡುತ್ತದೆ. ಕೆಲವು ಪ್ರಕಾಶಕರು ಫೀಡಿನಲ್ಲಿ ಮೊದಲ ಎರಡು ಸಾಲನ್ನಷ್ಟೇ ಕೊಟ್ಟು ಉಳಿದದ್ದಕ್ಕೆ ತಮ್ಮ ತಾಣಕ್ಕೆ ಬರಹೇಳುತ್ತಾರೆ. ಜಾಹೀರಾತಿನ ಆದಾಯವನ್ನು ನಂಬಿದವರು ಹೀಗೆ ಮಾಡುವುದು ಅರ್ಥವಾಗುವಂಥದ್ದೇ, ಆದರೂ ಓದಿನ ಹರಿವು ಅಲ್ಲಿ ತುಂಡಾಗುತ್ತದೆ. ಅಂಥ ಕಡೆ ರೀಡರ್ ವ್ಯೂ ಎಂಬ ನೋಟ ಪುಟದಿಂದ ಬರಹವನ್ನಷ್ಟೇ ಎತ್ತಿಕೊಡುತ್ತದೆ, ಆದರೆ ಎಲ್ಲ ತಾಣಗಳಲ್ಲೂ ಅದು ಫಲಿಸುವುದಿಲ್ಲ. ಕನ್ನಡದ ಬರಹಗಳು ಅಕ್ಷರ ಒಡೆಯದೆ ಚೆನ್ನಾಗಿ ಮೂಡುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವ ನಮ್ಮ ಲಿಪಿಗೆ ಸಾಲುಗಳ ನಡುವೆ ಇನ್ನಷ್ಟು ಅಂತರವಿದ್ದಿದ್ದರೆ ಕಣ್ಣಿಗೆ ಹಿತವಾಗುತ್ತಿತ್ತು. ನೋಟದ ವಿನ್ಯಾಸವನ್ನು ಬದಲಿಸುವ ಅವಕಾಶವಿರುವುದರಿಂದ ತಂತ್ರಜ್ಞಾನ ಬಲ್ಲವರು ಅದನ್ನು ಸರಿಪಡಿಸಿಕೊಳ್ಳಬಹುದು, ಉಳಿದವರು ಅಕ್ಷರದ ಗಾತ್ರವನ್ನು ಹಿಗ್ಗಿಸಿ ತೃಪ್ತಿಪಡಬೇಕು.

ಫೀಡ್ ರೀಡರ್ ಸಾಮಾಜಿಕ ಜಾಲತಾಣಗಳ ಜಾಗದಲ್ಲಿ ಪೂರ್ತಿಯಾಗಿ ನಿಲ್ಲಲಾರದು ಎಂಬುದನ್ನೂ ಹೇಳಬೇಕು. ಟ್ವಿಟರ್ 2013ರಲ್ಲಿಯೇ ಫೀಡ್ ಕೊಡುವುದನ್ನು ನಿಲ್ಲಿಸಿತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳಲ್ಲಿ ಬರೆದದ್ದು ಫೀಡಿನ ಮೂಲಕ ಹೊರಗೆ ಬರುವುದಿಲ್ಲ. ಅಲ್ಲಿಯೇ ಬರೆಯುವ ಒಳ್ಳೆಯ ಬರಹಗಾರರು, ಅಲ್ಲಿಯೇ ಚಿತ್ರ ಹಂಚುವ ಬಂಧುಗಳು ನಮಗೆ ಬೇಕೆಂದರೆ ಅಲ್ಲಿಗೇ ಹೋಗಬೇಕು. ಯಾರದೋ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ, ಹಳೆಯ ಸಹಪಾಠಿ ತೀರಿಕೊಂಡ ಸುದ್ದಿ, ಕೆಲಸ ಕಳೆದುಕೊಂಡ ಸ್ನೇಹಿತನ ಮಾತು, ಇವಾವುವೂ ಬ್ಲಾಗುಗಳಲ್ಲಿ ಬರುವುದಿಲ್ಲ. ಸಾಮಾಜಿಕ ಜಾಲತಾಣಗಳನ್ನು ಒಮ್ಮೆಲೇ ತೊರೆದು ಹೋದವರಲ್ಲಿ ಕೆಲವರು ಇಂಥ ಸುದ್ದಿಗಳನ್ನು ತಿಂಗಳುಗಳ ನಂತರ ತಿಳಿದು ಸಂಕಟಪಟ್ಟಿದ್ದನ್ನು ನೋಡಿದ್ದೇನೆ. ಹಾಗಾಗಿ ನಾನು ಎರಡನ್ನೂ ಬೇರೆಬೇರೆ ಉದ್ದೇಶಕ್ಕೆ ಇಟ್ಟುಕೊಂಡಿದ್ದೇನೆ. ವಿಚಾರ ತಿಳಿಯಲು ಫೀಡ್ ರೀಡರ್, ಪರಿಚಿತರ ಕ್ಷೇಮ ತಿಳಿಯಲು ಸಾಮಾಜಿಕ ಜಾಲತಾಣ. ಈ ವಿಂಗಡಣೆ ಆದ ಮೇಲೆ ಸಾಮಾಜಿಕ ಜಾಲತಾಣದಲ್ಲಿ ಕಳೆಯುವ ಹೊತ್ತು ತಾನಾಗಿ ಕಡಿಮೆಯಾಯಿತು, ಏಕೆಂದರೆ ಪರಿಚಿತರ ವಿಚಾರ ತಿಳಿಯಲು ಬೇಕಾಗುವ ಸಮಯ ನಿಜಕ್ಕೂ ಸ್ವಲ್ಪವೇ, ಉಳಿದದ್ದೆಲ್ಲ ಅಪರಿಚಿತರ ಜಗಳಗಳಿಗೆ ಹೋಗುತ್ತಿತ್ತು.

ಇಂಥ ತಂತ್ರಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಗೆ ಇದರ ಚರಿತ್ರೆಯಲ್ಲಿಯೇ ಉತ್ತರವಿದೆ. ಬ್ರೆಂಟ್ ಸಿಮ್ಮನ್ಸ್ 2002ರಲ್ಲಿ ಇದನ್ನು ಮೊದಲು ಹೊರತಂದರು. 2005ರಲ್ಲಿ ಅದು ನ್ಯೂಸ್‌ಗೇಟರ್ ಕಂಪನಿಯ ಪಾಲಾಯಿತು, 2011ರಲ್ಲಿ ಬ್ಲ್ಯಾಕ್ ಪಿಕ್ಸೆಲ್ ಎಂಬ ಸಂಸ್ಥೆಯ ಕೈಗೆ ಬಂತು. 2018ರಲ್ಲಿ ಹೆಸರು ಮತ್ತೆ ಸಿಮ್ಮನ್ಸ್ ಅವರಿಗೆ ಮರಳಿತು. ಅವರು ಹೊಸದಾಗಿ ಬರೆದ 5.0 ಆವೃತ್ತಿಯನ್ನು 2019ರ ಆಗಸ್ಟ್‌ನಲ್ಲಿ ಮ್ಯಾಕ್‌ಗೂ ಮರುವರ್ಷದ ಮಾರ್ಚ್‌ನಲ್ಲಿ ಐಫೋನ್‌ಗೂ ಬಿಡುಗಡೆ ಮಾಡಿದರು. ಈಗ ಇದರ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತವಾಗಿದೆ, ಸ್ವಯಂಸೇವಕರು ಸೇರಿ ಅದನ್ನು ಬೆಳೆಸುತ್ತಿದ್ದಾರೆ. ತಯಾರಕರು ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ನೆರವಾಗಬಯಸುವವರು ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವ ಬದಲು ಸ್ವಂತ ಬ್ಲಾಗ್ ಆರಂಭಿಸಿ ಬರೆಯಲಿ ಎಂದು ಕೇಳಿಕೊಂಡಿದ್ದಾರೆ. ಈ ಕೋರಿಕೆಯ ಹಿಂದಿನ ಕಳಕಳಿ ನನ್ನನ್ನು ಬಹಳವಾಗಿ ತಟ್ಟಿದೆ. ಓದುವ ಸಾಧನ ಎಷ್ಟೇ ಚೆನ್ನಾಗಿದ್ದರೂ ಮುಕ್ತವಾದ ಜಾಗದಲ್ಲಿ ಬರೆಯುವವರು ಇಲ್ಲದಿದ್ದರೆ ಅದಕ್ಕೆ ತರಲು ಏನೂ ಇರುವುದಿಲ್ಲ. ನಾನು ಓದುತ್ತಿದ್ದ ಬ್ಲಾಗುಗಳಲ್ಲಿ ಹಲವು ಈಗ ಮೌನವಾಗಿವೆ. ಬರೆಯುತ್ತಿದ್ದವರು ಸಾಮಾಜಿಕ ಜಾಲತಾಣಗಳಿಗೆ ಹೋಗಿ ಅಲ್ಲಿ ತುಣುಕುಗಳನ್ನು ಬರೆಯುತ್ತಿದ್ದಾರೆ, ಹಾಗೆ ಬರೆದ ತುಣುಕನ್ನು ಆರು ತಿಂಗಳ ನಂತರ ಹುಡುಕಹೊರಟರೆ ಅವರಿಗೇ ಅದು ಸಿಗುವುದಿಲ್ಲ.

ಆದ್ದರಿಂದ ಆ್ಯಪಲ್ ಸಾಧನಗಳಿರುವವರಿಗೆ, ಓದಿನಲ್ಲಿ ಆಸಕ್ತಿಯಿರುವವರಿಗೆ, ಒಂದೆರಡು ಸಂಜೆ ಕುಳಿತು ತಮ್ಮ ಪಟ್ಟಿಯನ್ನು ತಾವೇ ಕಟ್ಟಿಕೊಳ್ಳುವ ಸಹನೆಯಿರುವವರಿಗೆ ಈ ತಂತ್ರಾಂಶವನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಸುತ್ತಲಿನವರು ಏನು ಮಾತಾಡುತ್ತಿದ್ದಾರೆಂಬುದು ಆ ಕ್ಷಣವೇ ತಿಳಿಯಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ಆಂಡ್ರಾಯ್ಡ್ ಬಳಸುವವರು ಫೀಡರ್ ಎಂಬ ಮುಕ್ತ ಆ್ಯಪನ್ನೋ ಇನೋರೀಡರನ್ನೋ ಪ್ರಯತ್ನಿಸಬಹುದು. ವಿಂಡೋಸ್ ಮತ್ತು ಲಿನಕ್ಸ್ ಬಳಸುವವರಿಗೆ ಥಂಡರ್‌ಬರ್ಡ್‌ನಲ್ಲಿ ಇಮೇಲ್ ಜೊತೆಗೇ ಫೀಡ್ ಓದುವ ಅನುಕೂಲವಿದೆ. ಯಾವುದರಲ್ಲಿ ಆರಂಭಿಸಿದರೂ ಚಿಂತೆಯಿಲ್ಲ. ಕಟ್ಟಿದ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಇಳಿಸಿಕೊಂಡು ನಾಳೆ ಬೇರೊಂದು ರೀಡರ್‌ಗೆ ಹಾಗೆಯೇ ಒಯ್ಯಬಹುದು. ಮೊದಲ ದಿನವೇ ಐವತ್ತು ತಾಣಗಳನ್ನು ಸೇರಿಸಬೇಡಿ. ಐದಾರು ಜನರಿಂದ ಆರಂಭಿಸಿ, ಅವರ ಬರಹಗಳಲ್ಲಿ ಸಿಗುವ ಕೊಂಡಿಗಳನ್ನು ಹಿಡಿದು ಒಬ್ಬೊಬ್ಬರನ್ನೇ ಸೇರಿಸುತ್ತ ಹೋಗಿ.